ಮಹಜರು ಎಲ್ಲಿ ಮೇಷ್ಟ್ರೆ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ದಾಸವಾಳದ ಬೇಲಿ. ಬೇಲಿ ಅನ್ನುವುದು ಹೆಸರಿಗೆ ಮಾತ್ರ. ಮಧ್ಯೆ ಒಂದಾಳು ನುಸುಳುವಷ್ಟು ಕಿಂಡಿ ಬಿದ್ದು ಎಷ್ಟೋ ವರ್ಷವಾಯಿತು, ಮುಚ್ಚುವ ಮನಸ್ಸು ಎರಡೂ ಕಡೆಯವರಿಗೆ ಬಂದಿಲ್ಲ. ಅವರ ನುಗ್ಗೆಮರದ ಬುಡ ಅವರ ಕಡೆ, ಕಾಯಿ ನಮ್ಮ ಕಡೆ. ಮರದ ಯಜಮಾನರು ನಿವೃತ್ತ ಎಎಸ್‌ಐ. ಮೂವತ್ತಮೂರು ವರ್ಷ ಖಾಕಿ ತೊಟ್ಟವರು ಈಗ ಪಟಾಪಟಿ ಚಡ್ಡಿಯಲ್ಲಿ ಗಿಡಕ್ಕೆ ನೀರು ಬಿಡುತ್ತಾರೆ. ನಾನು ಅವರಿಗೆ ಸಾಹೇಬರೆ ಅನ್ನುತ್ತೇನೆ, ಅವರು ನನಗೆ ಮೇಷ್ಟ್ರೆ ಅನ್ನುತ್ತಾರೆ. ಇಬ್ಬರಿಗೂ ಪಿಂಚಣಿ ಬರುವುದು ಒಂದೇ ದಿನ.

ಮೊನ್ನೆ ನಾನು ಪೇಪರು ಹಿಡಿದು ಜಗಲಿಗೆ ಬರುವಷ್ಟರಲ್ಲಿ ಅವರು ಕಿಂಡಿಯ ಹತ್ತಿರ ಕಾಯುತ್ತಿದ್ದರು. ಕಣ್ಣು ಕೆಂಪಗಿತ್ತು.

"ಮೇಷ್ಟ್ರೆ, ರಾತ್ರಿ ಎರಡು ಗಂಟೆವರ್ಗೂ ಪಿಚ್ಚರ್ ನೋಡ್ದೆ. ಫಿಲಿಪೀನ್ಸ್ ದೇಶದ್ದು. ಪೊಲೀಸ್ ಪಿಚ್ಚರು. ಏನ್ ಹೊಡೆದಾಟ ಅಂತೀರಿ, ಏನ್ ಮಳೆ ಅಂತೀರಿ! ನೂರಾರು ಹೆಣ ಬೀಳ್ತು. ಒಬ್ಬನಾದ್ರೂ ಮಹಜರು ಬರೀಬೇಕಲ್ಲ? ಉಹೂಂ."

ಈ ವಯಸ್ಸಿನಲ್ಲಿ ಈ ಮನುಷ್ಯನಿಗೆ ಫಿಲಿಪೀನ್ಸ್ ಚಿತ್ರ ಎಲ್ಲಿಂದ ಗಂಟುಬಿತ್ತು ಅಂದರೆ, ಅವರ ಮಗಳಿಂದ. ಮಗಳು ದುಬೈನಲ್ಲಿ ಸ್ಟಾಫ್ ನರ್ಸ್. ಆಕೆಯ ಜೊತೆ ರೂಮು ಹಂಚಿಕೊಂಡಿರುವವಳು ಮನಿಲಾದ ಹುಡುಗಿ. ಗಲ್ಫಿನ ಆಸ್ಪತ್ರೆಗಳಲ್ಲಿ ನಮ್ಮ ಮಂಗಳೂರು, ಹಾಸನದ ಹುಡುಗಿಯರಿಗೂ ಫಿಲಿಪೀನ್ಸಿನವರಿಗೂ ಡ್ಯೂಟಿ ಒಂದೇ, ಅಡುಗೆಮನೆ ಒಂದೇ, ಊರಿನ ನೆನಪಾಗಿ ಅಳುವ ಹೊತ್ತೂ ಹೆಚ್ಚುಕಮ್ಮಿ ಒಂದೇ. ರಜಕ್ಕೆ ಬಂದಾಗ ಮಗಳು ಅಪ್ಪನ ಫೋನಿಗೆ ಚಿತ್ರ ಹಾಕಿಕೊಟ್ಟು, "ಅಪ್ಪಾ, ಇದು ನಿಮ್ಮ ಡಿಪಾರ್ಟ್‌ಮೆಂಟಿನದು" ಅಂದಿದ್ದಳಂತೆ. ಚಿತ್ರದ ಹೆಸರು 'ಬೈಬಸ್ಟ್'. ಎರಿಕ್ ಮಟ್ಟಿ ಎಂಬಾತ ನಿರ್ದೇಶಿಸಿದ್ದು, 2018ರ ಆಗಸ್ಟ್ 1ರಂದು ಅಲ್ಲಿ ತೆರೆಕಂಡದ್ದು.

ಸಂಜೆ ನನ್ನನ್ನೂ ಕೂರಿಸಿಕೊಂಡು ಮತ್ತೆ ಹಾಕಿದರು. ಇಂಗ್ಲಿಷ್ ಸಾಲುಗಳು ಕೆಳಗೆ ಓಡುವ ವೇಗಕ್ಕೆ ಅವರ ಕನ್ನಡಕ ಸಾಲದು, ಓದಿ ಹೇಳಲು ಒಬ್ಬ ಮೇಷ್ಟ್ರು ಬೇಕು. ಆಮೇಲೆ ಮೂರು ನಾಲ್ಕು ದಿನ ಬೇಲಿಯ ಎರಡೂ ಬದಿ ನಡೆದದ್ದೆಲ್ಲ ಅದೇ ಮಾತು. ನಮ್ಮ ಮನೆಯವಳು, "ಹೊಡೆದಾಟ ಮುಗಿದ ಮೇಲೆ ನುಗ್ಗೆಕಾಯಿ ಕಿತ್ತು ತನ್ನಿ" ಎಂದು ಒಳಗಿನಿಂದ ಕೂಗಿದ್ದು ಎರಡು ಸಲ.

ಬೈಬಸ್ಟ್ ಅನ್ನುವುದು ಅಲ್ಲಿನ ಪೊಲೀಸರು ದಿನಾ ಆಡುವ ಮಾತು. ಗಿರಾಕಿಯ ವೇಷದಲ್ಲಿ ಒಬ್ಬನನ್ನು ಕಳಿಸುವುದು, ಗುರುತು ಮಾಡಿದ ನೋಟು ಕೊಟ್ಟು ಮಾಲು ಕೊಳ್ಳಿಸುವುದು, ಕೈ ಬದಲಾದ ಗಳಿಗೆಯಲ್ಲಿ ಹಿಡಿಯುವುದು. ಮಾಲು ಅಂದರೆ ಅಲ್ಲಿ ಮುಖ್ಯವಾಗಿ 'ಶಾಬು', ನಾವು ಮೆಥ್ ಅನ್ನುವ ಬಿಳಿ ಹರಳು. ಎಎಸ್‌ಐ ಸಾಹೇಬರಿಗೆ ಇದನ್ನು ವಿವರಿಸಬೇಕಾಗಲಿಲ್ಲ.

"ಡಿಕಾಯ್ ಕಳಿಸೋದು. ನಾವು ಮಾಡಿಲ್ವ? ನೋಟಿನ ನಂಬರು ಬರ್ಕೊಂಡು, ಇಬ್ಬರು ಪಂಚರನ್ನ ಕರ್ಕೊಂಡು ಹೋಗ್ಬೇಕು. ಪಂಚರು ಸಿಕ್ಕೋದೇ ಕಷ್ಟ ಮೇಷ್ಟ್ರೆ. ಟೀ ಅಂಗಡಿಯವನು ನಮ್ಮ ಜೀಪ್ ಕಂಡ್ರೆ ಹಾಲು ತರೋಕೆ ಅಂತ ಓಡಿಹೋಗ್ತಿದ್ದ."

ಅಲ್ಲೂ ಕಾನೂನು ಇದೆ. 2002ರ ಅವರ ಮಾದಕವಸ್ತು ಕಾಯ್ದೆಯ 21ನೇ ಕಲಮು ಏನು ಹೇಳುತ್ತದೆ ಅಂದರೆ, ಹಿಡಿದ ಮಾಲನ್ನು ಸಾಕ್ಷಿಗಳ ಎದುರಿಗೇ ಎಣಿಸಿ, ಪಟ್ಟಿ ಬರೆದು, ಫೋಟೊ ತೆಗೆದು, ಅವರ ಸಹಿ ಹಾಕಿಸಬೇಕು. ಆ ಸಾಕ್ಷಿಗಳಲ್ಲಿ ಒಬ್ಬ ಜನರಿಂದ ಚುನಾಯಿತನಾದವನು ಇರಬೇಕು. ನಮ್ಮ ಪಂಚನಾಮೆಯ ಚಿಕ್ಕಪ್ಪನ ಮಗ. ಇದನ್ನು ಹೇಳಿದ ಕೂಡಲೇ ಸಾಹೇಬರ ಮುಖ ಅರಳಿತು. ಸಮುದ್ರ ದಾಟಿ ಯಾವುದೋ ದ್ವೀಪದಲ್ಲೂ ತನ್ನಂಥ ಒಬ್ಬ ಕೂತು ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದಾನೆ ಎಂಬ ಸಮಾಧಾನ ಅದು. "ಹಾಗಾದ್ರೆ ಪಿಚ್ಚರಲ್ಲಿ ಯಾಕಿಲ್ಲ?" ಅಂದರು. ಮಹಜರು ಬರೆಯುವುದಕ್ಕೆ ಯಾರು ಶಿಳ್ಳೆ ಹೊಡೆಯುತ್ತಾರೆ ಸಾಹೇಬರೆ, ಅಂದೆ.

ಕತೆ ಎರಡು ಸಾಲಿನದು. ನಿನಾ ಮನಿಗಾನ್ ಎಂಬ ಮಾದಕವಸ್ತು ನಿಗ್ರಹ ದಳದ ಹೆಣ್ಣುಮಗಳು ಹಿಂದಿನ ದಳದಲ್ಲಿ ಬದುಕುಳಿದವಳು ಒಬ್ಬಳೇ, ಒಳಗಿನವರೇ ಮಾಡಿದ ಮೋಸಕ್ಕೆ ಉಳಿದವರೆಲ್ಲ ಸತ್ತಿದ್ದಾರೆ. ಹೊಸ ದಳದ ಜೊತೆ ಮನಿಲಾದ ಗ್ರಾಸಿಯಾ ನಿ ಮರಿಯಾ ಎಂಬ ಕೊಳೆಗೇರಿಗೆ ರಾತ್ರಿ ನುಗ್ಗುತ್ತಾಳೆ, ಅಲ್ಲಿ ಸಿಕ್ಕಿಕೊಳ್ಳುತ್ತಾಳೆ. ಮಿಕ್ಕದ್ದೆಲ್ಲ ಮಳೆ, ಓಣಿ, ತಗಡು, ಕತ್ತಿ, ಗುಂಡು. ಒಟ್ಟು 127 ನಿಮಿಷ.

ನಿನಾ ಆಗಿ ನಟಿಸಿದವಳು ಆನ್ ಕರ್ಟಿಸ್. ಫಿಲಿಪೀನ್ಸಿನ ಪ್ರೇಕ್ಷಕರು ಮೊದಲು ಬೆಚ್ಚಿದ್ದು ಇಲ್ಲಿಯೇ. ಆಕೆ ಅವರಿಗೆ ಮನೆಮಗಳು, ಮಧ್ಯಾಹ್ನದ ಊಟದ ಹೊತ್ತಿಗೆ ಟೀವಿಯಲ್ಲಿ ನಗುತ್ತ ಬರುವ ನಿರೂಪಕಿ, ಪ್ರೇಮಕಥೆಗಳ ನಾಯಕಿ, 2014ರಲ್ಲಿ 'ದ್ಯೆಸೆಬೆಲ್' ಧಾರಾವಾಹಿಯಲ್ಲಿ ಮತ್ಸ್ಯಕನ್ಯೆ. ಮೀನಿನ ಬಾಲ ಹಚ್ಚಿಕೊಂಡಿದ್ದವಳು ಬೂಟು ಹಾಕಿ, ಮುಖಕ್ಕೆ ಕೆಸರು ಬಳಿದುಕೊಂಡು ಬಂದಳು. ಮಧ್ಯದಲ್ಲಿ ಒಂದು ದೃಶ್ಯವಿದೆ, ಹತ್ತಿರ ಹತ್ತಿರ ಮೂರು ನಿಮಿಷ ಕತ್ತರಿ ಬೀಳುವುದಿಲ್ಲ. ಆಕೆ ತಗಡಿನ ಮಾಡುಗಳ ಮೇಲೆ ಹತ್ತುತ್ತಾಳೆ, ಇಳಿಯುತ್ತಾಳೆ, ಸಂದಿಯೊಳಗೆ ಜಾರುತ್ತಾಳೆ, ಒಂದು ಗುಂಪನ್ನು ಕೆಡವುವಷ್ಟರಲ್ಲಿ ಇನ್ನೊಂದು ಗುಂಪು ಬರುತ್ತದೆ, ಕ್ಯಾಮೆರಾ ಬೆನ್ನು ಬಿಡುವುದಿಲ್ಲ. ಜೊತೆಗೆ ಬ್ರಾಂಡನ್ ವೆರಾ ಎಂಬ ಭೀಮಕಾಯ. ಅವನು ನಟನಲ್ಲ, ಆಗ ಬೋನಿನೊಳಗೆ ಕಾದಾಡುತ್ತಿದ್ದ ಮಿಶ್ರ ಸಮರಕಲೆಯ ನಿಜವಾದ ಚಾಂಪಿಯನ್.

"ಅವಳ ಕಾಲು ಜಾರುತ್ತೆ ನೋಡಿ ಮೇಷ್ಟ್ರೆ, ಅದು ನಿಜ. ಮಳೇಲಿ ತಗಡಿನ ಮೇಲೆ ಬೂಟು ನಿಲ್ಲಲ್ಲ," ಅಂದರು ಸಾಹೇಬರು. ಹೊಡೆಸಿಕೊಳ್ಳುವವರು ಸರದಿಯ ಮೇಲೆ ಬರುವುದು ಮಾತ್ರ ಅವರಿಗೆ ಹಿಡಿಸಲಿಲ್ಲ. "ನ್ಯಾಯಬೆಲೆ ಅಂಗಡಿ ಕ್ಯೂ ಇದ್ದಂಗಿದೆ. ನಿಜವಾಗ್ಲೂ ಜನ ತಿರುಗಿಬಿದ್ರೆ ಒಟ್ಟಿಗೆ ಬೀಳ್ತಾರೆ."

ತೆರೆಗೆ ಬರುವ ಮುಂಚೆಯೇ ಚಿತ್ರ ಜುಲೈನಲ್ಲಿ ನ್ಯೂಯಾರ್ಕಿನ ಏಷ್ಯನ್ ಚಿತ್ರೋತ್ಸವಕ್ಕೆ ಹೋಗಿತ್ತು. ಹೊರಗಿನ ವಿಮರ್ಶಕರ ಬಾಯಲ್ಲಿ ಮೊದಲು ಬಂದ ಹೆಸರು ಇಂಡೊನೇಷ್ಯಾದ 'ದ ರೇಡ್'. 2011ರ ಆ ಚಿತ್ರದಲ್ಲಿ ಪೊಲೀಸರು ಒಂದು ಬಹುಮಹಡಿ ಕಟ್ಟಡಕ್ಕೆ ನುಗ್ಗಿ ಸಿಕ್ಕಿಬೀಳುತ್ತಾರೆ, ಇದರಲ್ಲಿ ಕೊಳೆಗೇರಿಗೆ. ಅದು ನೆಟ್ಟಗೆ, ಇದು ಅಡ್ಡಡ್ಡ. ಆ ಉದ್ದನೆಯ ದೃಶ್ಯವನ್ನು ಹೊಗಳದವರಿಲ್ಲ. ಚಿತ್ರ ಉದ್ದವಾಯಿತು, ಹೊಡೆದಾಟ ನೋಡಿ ನೋಡಿ ಸುಸ್ತಾಯಿತು ಎಂದು ಗೊಣಗಿದವರೂ ಕಡಿಮೆಯಿಲ್ಲ. ನನ್ನನ್ನು ಕೇಳಿದರೆ ಗೊಣಗಿದವರ ಮಾತೂ ಸರಿಯೇ. ಎಪ್ಪತ್ತನೇ ನಿಮಿಷದ ಹೊತ್ತಿಗೆ ನನಗೆ ಕೈಕಾಲು ಯಾರದ್ದೆಂದು ತಿಳಿಯುವುದು ನಿಂತುಹೋಗಿತ್ತು. ಕಾಫಿ ಬಂತು, ಕುಡಿದೆ, ತಲೆ ಎತ್ತಿದರೆ ಇನ್ನೂ ಅದೇ ಓಣಿ.

ಆದರೆ ನ್ಯೂಯಾರ್ಕಿನಲ್ಲಿ ಕೂತು ನೋಡಿದವನಿಗೆ ಅದು ಹೊಡೆದಾಟದ ಚಿತ್ರ, ಮನಿಲಾದಲ್ಲಿ ಕೂತವನಿಗೆ ನಿನ್ನೆ ರಾತ್ರಿಯ ಸುದ್ದಿ. 2016ರ ಜೂನ್ 30ರಂದು ರೊಡ್ರಿಗೊ ದುತೆರ್ತೆ ಅಧ್ಯಕ್ಷರಾದರು, ಮಾದಕವಸ್ತುವಿನ ಮೇಲೆ ಯುದ್ಧ ಅಂದರು. ಯುದ್ಧದ ಹೆಸರು 'ಟೊಕ್‌ಹಾಂಗ್'. ಕನ್ನಡ ಮೇಷ್ಟ್ರಾಗಿ ನನಗೆ ಈ ಪದದ ಹುಟ್ಟು ಬಿಡಿಸಿ ಹೇಳದೆ ಇರಲಾಗುವುದಿಲ್ಲ. ಅಲ್ಲಿನ ಸೆಬುವಾನೊ ಭಾಷೆಯಲ್ಲಿ 'ಟೊಕ್‌ಟೊಕ್' ಅಂದರೆ ಬಾಗಿಲು ತಟ್ಟುವುದು, 'ಹಾಂಗ್ಯೊ' ಅಂದರೆ ಬೇಡಿಕೊಳ್ಳುವುದು. ಎರಡನ್ನೂ ತುಂಡರಿಸಿ ಬೆಸೆದರೆ ಟೊಕ್‌ಹಾಂಗ್. ಪೊಲೀಸರು ಮನೆಬಾಗಿಲು ತಟ್ಟಿ, ಚಟ ಬಿಡಪ್ಪಾ ಎಂದು ಕೇಳಿಕೊಳ್ಳುವ ಕಾರ್ಯಕ್ರಮ. ಸಂಧಿಕಾರ್ಯದಲ್ಲಿ ಎರಡನೇ ಅರ್ಧ ಲೋಪವಾಯಿತು. ಬಾಗಿಲು ತಟ್ಟುವುದು ಉಳಿಯಿತು, ಕೇಳಿಕೊಳ್ಳುವುದು ಹೋಯಿತು. ಜನರ ಬಾಯಲ್ಲಿ ಆ ಪದ ಕ್ರಿಯಾಪದವೇ ಆಯಿತು, ಅವನಿಗೆ ಟೊಕ್‌ಹಾಂಗ್ ಆಯಿತು ಅಂದರೆ ಅವನು ಸತ್ತ. ಯಾರ ಮನೆ ತಟ್ಟಬೇಕು ಎಂಬ ಪಟ್ಟಿ ತಯಾರಾಗುತ್ತಿದ್ದದ್ದು 'ಬರಾಂಗಾಯ್' ಮಟ್ಟದಲ್ಲಿ, ಅಂದರೆ ನಮ್ಮ ವಾರ್ಡಿನಂಥ ಕಡೆ, ಅಕ್ಕಪಕ್ಕದವರ ಬಾಯಿಂದ.

ಇನ್ನೊಂದು ಪದ 'ನಾನ್‌ಲಬಾನ್'. ಎದುರಿಸಿ ನಿಂತ, ಪ್ರತಿರೋಧ ಒಡ್ಡಿದ, ಅದಕ್ಕೇ ಗುಂಡು ಹಾರಿಸಬೇಕಾಯಿತು ಎಂದು. ಪೊಲೀಸ್ ವರದಿಗಳಲ್ಲಿ ಅದು ಎಷ್ಟು ಸಲ ಬಂತೆಂದರೆ ಆ ಪದವೇ ಸುಸ್ತಾಯಿತು. ಇದನ್ನು ಹೇಳಿದಾಗ ಸಾಹೇಬರು ನುಗ್ಗೆಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಆತ್ಮರಕ್ಷಣೆಗಾಗಿ," ಅಂದರು ಇಷ್ಟೇ. ನಮ್ಮ ಪೇಪರುಗಳಲ್ಲಿ ಬರುವ ವಾಕ್ಯದ ಮೊದಲ ಪದ ಅದು. ಮಿಕ್ಕದ್ದು ನನಗೂ ಬಾಯಿಪಾಠ.

ಸರ್ಕಾರದ ಲೆಕ್ಕದಲ್ಲೇ ಸತ್ತವರು 6,000ಕ್ಕೂ ಹೆಚ್ಚು. ಮಾನವ ಹಕ್ಕಿನವರು 30,000ದ ತನಕ ಹೇಳುತ್ತಾರೆ. 2025ರ ಮಾರ್ಚಿನಲ್ಲಿ ಆ ಮಾಜಿ ಅಧ್ಯಕ್ಷರನ್ನು ಬಂಧಿಸಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ವಿಮಾನ ಹತ್ತಿಸಿದ್ದು ಇದೇ ಲೆಕ್ಕದ ಮೇಲೆ.

ಇಂಥ ಊರಿನಲ್ಲಿ, ಇಂಥ ಯುದ್ಧದ ಎರಡನೇ ವರ್ಷ ಮುಗಿದ ಹೊತ್ತಿಗೆ, ಇಂಥದೊಂದು ಚಿತ್ರ ಥಿಯೇಟರಿಗೆ ಬಂದರೆ ಜನ ಏನು ಮಾಡಬೇಕು? ಶಿಳ್ಳೆ ಹೊಡೆಯಬೇಕೊ, ಸುಮ್ಮನಿರಬೇಕೊ? ಚಿತ್ರದ ಖಳ ಬಿಗ್ಗಿ ಚೆನ್ ಕೊನೆಗೆ ಸಿಕ್ಕಿಬಿದ್ದಾಗ ಕೊಡುವ ವಿವರಣೆ ಏನೆಂದರೆ, ಅವನನ್ನು ಸಾಕಿಕೊಂಡವರು ಪೊಲೀಸರೇ, ಅವನು ಅವರ ಕರೆಯುವ ಹಸು. ಆದ್ದರಿಂದ ಇದು ಯುದ್ಧದ ವಿರುದ್ಧದ ಚಿತ್ರ ಎಂದು ಓದಿದವರು ಬಹಳ. ಯುದ್ಧದ ವಿರುದ್ಧ ಅನ್ನುತ್ತಲೇ ಎರಡು ಗಂಟೆ ಕಾಲ ಕೊಲ್ಲುವುದರ ರುಚಿ ಹತ್ತಿಸಿದರಲ್ಲ ಅನ್ನುವ ತಕರಾರೂ ಇದೆ. ಅದು ನನ್ನ ತಕರಾರು ಕೂಡ. ಊಟ ಕೆಟ್ಟದ್ದು ಎಂದು ಹೇಳುವುದಕ್ಕೆ ಮೂರು ಸಲ ಬಡಿಸಿಕೊಂಡ ಹಾಗೆ.

ಸಾಹೇಬರ ಮಗಳ ರೂಮಿನ ಹುಡುಗಿಯ ತಕರಾರು ಇನ್ನೊಂದು ಥರದ್ದು. ಅವಳು ಅರ್ಧಕ್ಕೇ ಎದ್ದುಹೋಗಿ ಅನ್ನಕ್ಕಿಟ್ಟಳಂತೆ. "ಆ ಓಣೀಲಿ ಒಂದೂ ಅಂಗಡಿ ತೆರೆದಿಲ್ಲ" ಅಂದಳಂತೆ. ಫಿಲಿಪೀನ್ಸಿನ ಪ್ರತಿ ಓಣಿಯಲ್ಲೂ 'ಸಾರಿಸಾರಿ' ಅಂಗಡಿ ಇರುತ್ತದೆ. ಮನೆಯ ಕಿಟಕಿಗೇ ಜಾಲರಿ ಬಡಿದು ಶಾಂಪೂ ಸ್ಯಾಷೆ, ಸೀಗಡಿ ಚಿಪ್ಸು, ಬಿಡಿ ಸಿಗರೇಟು ತೂಗುಹಾಕಿಕೊಂಡಿರುವಂಥದ್ದು, ನಮ್ಮ ಮೂಲೆ ಶೆಟ್ಟರ ಗೂಡಂಗಡಿ ಇದ್ದ ಹಾಗೆ, ಸಾಲ ಬರೆಯುವ ನೋಟ್‌ಬುಕ್ ಸಮೇತ. ಆ ಹುಡುಗಿಯ ಅತ್ತೆ ಅಂಥದೊಂದು ಅಂಗಡಿ ನಡೆಸುವವಳು. ಚಿತ್ರದಲ್ಲಿ ಓಣಿಯ ಜನ ಅಂದರೆ ಒಂದೋ ಮಾರುವವರು, ಇಲ್ಲ ಕೊಲ್ಲುವವರು, ಇಲ್ಲ ಸಾಯುವವರು. ಸೋಪು ಕೊಳ್ಳುವವರು ಎಲ್ಲಿ ಹೋದರು?

ಈ ಹುಡುಗಿಗೆ ಇಷ್ಟವಾದದ್ದು ಕಾರ್ಡೊ. ದುಬೈಗೆ ಬಂದ ಮೇಲೂ ಅವನನ್ನು ಬಿಟ್ಟವಳಲ್ಲವಂತೆ. ಅವನು ಬರುವ ಪೊಲೀಸ್ ಧಾರಾವಾಹಿಯ ಹೆಸರು 'ಆಂಗ್ ಪ್ರೊಬಿನ್ಸಿಯಾನೊ', ಅಂದರೆ ಹಳ್ಳಿಯಿಂದ ಬಂದವನು. ನಮ್ಮ ಕಡೆ ಧಾರಾವಾಹಿ ಸಾವಿರ ಕಂತು ದಾಟಿದರೆ ಕೇಕ್ ಕತ್ತರಿಸುತ್ತಾರೆ. ಇದು 2015ರ ಸೆಪ್ಟೆಂಬರಿನಲ್ಲಿ ಶುರುವಾಗಿ 2022ರ ಆಗಸ್ಟಿನಲ್ಲಿ ಮುಗಿಯುವಾಗ 1,696 ಕಂತು ಆಗಿತ್ತು. ಅವಳಿ ಅಣ್ಣತಮ್ಮಂದಿರು, ಇಬ್ಬರೂ ಪೊಲೀಸರು. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಅವನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಆ ನಿಂತವನು ಕಾರ್ಡೊ ದಾಲಿಸಾಯ್, ನಟ ಕೊಕೊ ಮಾರ್ಟಿನ್. ಏಳು ವರ್ಷ ಗುಂಡು ತಾಗಿಸಿಕೊಂಡೂ ಸಾಯದವನು ಎಂದು ಅವನ ಮೇಲೆ ಅಲ್ಲಿ ಇಲ್ಲದ ನಗೆಹನಿ ಇಲ್ಲ.

ಇದರ ಮೂಲ ಫರ್ನಾಂಡೊ ಪೊ ಜೂನಿಯರ್ ತೊಂಬತ್ತರ ದಶಕದಲ್ಲಿ ಮಾಡಿದ ಅದೇ ಹೆಸರಿನ ಚಿತ್ರ. ಫಿಲಿಪೀನ್ಸಿನವರ ಎದುರು ಈ ಹೆಸರನ್ನು ಹಗುರವಾಗಿ ಆಡುವ ಹಾಗಿಲ್ಲ. ಆತನನ್ನು ಅವರು 'ಡಾ ಕಿಂಗ್' ಅನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಎದುರಾಳಿಯ ಹೊಟ್ಟೆಗೆ ಎರಡೂ ಮುಷ್ಟಿಯಿಂದ ಹೊಲಿಗೆ ಮೆಷಿನ್ನಿನ ಹಾಗೆ ಬಿಡುವಿಲ್ಲದೆ ಗುದ್ದುವುದು ಅವರ ವರಸೆ. ಬಡವನಿಗೆ ಹೊಡೆಯುವ ಪಾತ್ರ ಅವರಿಗೆ ಹೊಂದುತ್ತಿರಲಿಲ್ಲ, ಬಡವನಿಗಾಗಿ ಹೊಡೆಯುವುದೇ ಹೊಂದುತ್ತಿದ್ದದ್ದು. ಧಾರಾವಾಹಿಯಲ್ಲಿ ಕಾರ್ಡೊನ ಅಜ್ಜಿಯಾಗಿ ಬಂದವರು ಅವರ ಮಡದಿ ಸೂಸನ್ ರೋಸೆಸ್. ಗಂಡ ಹೋದ ಮೇಲೆ ಗಂಡನ ಪಾತ್ರಕ್ಕೆ ಅಜ್ಜಿಯಾಗಿ, 2022ರ ಮೇ ತಿಂಗಳಲ್ಲಿ ತಾನೂ ಹೋಗುವ ತನಕ ಆ ಮನೆಯನ್ನು ನೋಡಿಕೊಂಡರು. ಇದನ್ನು ಕೇಳಿ ಬೇಲಿಯ ಆಚೆ ನಿಂತಿದ್ದ ಸಾಹೇಬರ ಮನೆಯ ಅಕ್ಕೋರು ಮಾತ್ರ, "ಪಾಪ," ಅಂದರು. ಸಾಹೇಬರು ಗುದ್ದುವ ವರಸೆಯಲ್ಲೇ ಇದ್ದರು.

ಈಗ 2018ರ ನವೆಂಬರಿಗೆ ಬನ್ನಿ. 'ಬೈಬಸ್ಟ್' ತೆರೆಕಂಡು ಮೂರು ತಿಂಗಳಾಗಿದೆ. ಕಾರ್ಡೊನ ಧಾರಾವಾಹಿಯಲ್ಲಿ ಒಬ್ಬ ಭ್ರಷ್ಟ ಪೊಲೀಸ್ ಮುಖ್ಯಸ್ಥ ಬಂದ. ಇಡೀ ರಾಷ್ಟ್ರೀಯ ಪೊಲೀಸ್ ಇಲಾಖೆ ಮುನಿಸಿಕೊಂಡಿತು. ನಮ್ಮ ಹೆಸರು ಕೆಡಿಸುತ್ತಿದ್ದಾರೆ, ಹುಡುಗರ ಸ್ಥೈರ್ಯ ಕುಗ್ಗುತ್ತದೆ ಎಂದು ನಿಜವಾದ ಮುಖ್ಯಸ್ಥರು ಬಹಿರಂಗವಾಗಿ ಬೇಸರಪಟ್ಟರು. ಚಿತ್ರೀಕರಣಕ್ಕೆ ಕೊಡುತ್ತಿದ್ದ ನೆರವು ಹಿಂದಕ್ಕೆ ಹೋಯಿತು. ಕತೆ ಬದಲಾಯಿಸಿ, ಇಲ್ಲ ಸಮವಸ್ತ್ರ ದುರ್ಬಳಕೆಯ ಕಾನೂನು ಹಾಕುತ್ತೇವೆ ಎಂದು ಗೃಹಖಾತೆಯ ಮಂತ್ರಿ ಎಡುವಾರ್ಡೊ ಆನ್ಯೊ ಗದರಿದರು. ಕೊನೆಗೆ ಕೂತು ಮಾತಾಡಿ ರಾಜಿಯಾಯಿತೆನ್ನಿ. ಅದೇ ನವೆಂಬರಿನ 29ರಂದು ಮನಿಲಾ ಪಕ್ಕದ ಕಲೂಕಾನಿನ ನ್ಯಾಯಾಲಯ ನಿಜವಾದ ಮೂವರು ಪೊಲೀಸರಿಗೆ ಕೊಲೆ ಅಪರಾಧದಲ್ಲಿ ಶಿಕ್ಷೆ ವಿಧಿಸಿತು. ಹಿಂದಿನ ವರ್ಷ ಆಗಸ್ಟಿನಲ್ಲಿ ಹದಿನೇಳು ವರ್ಷದ ಶಾಲಾ ಹುಡುಗನೊಬ್ಬ ರಾತ್ರಿ ಕಾರ್ಯಾಚರಣೆಯಲ್ಲಿ ಸತ್ತಿದ್ದ. ನಾನ್‌ಲಬಾನ್, ಅಂದಿದ್ದರು. ಓಣಿಯ ಸಿಸಿಟಿವಿಯಲ್ಲಿ ಒಬ್ಬನನ್ನು ಇಬ್ಬರು ಎಳೆದೊಯ್ಯುವುದು ಕಾಣಿಸಿತ್ತು. ಓಣಿಯವರು ಬಂದು ಸಾಕ್ಷಿ ಹೇಳಿದ್ದರು.

ಪರದೆಯ ಮೇಲಿನ ಕಳ್ಳ ಪೊಲೀಸನಿಗೆ ಒಂದು ತಿಂಗಳಲ್ಲಿ ವಿಚಾರಣೆ ಮುಗಿದು ರಾಜಿಯೂ ಆಯಿತು. ನಿಜವಾದವರಿಗೆ ಹದಿನೈದು ತಿಂಗಳು ಹಿಡಿಯಿತು.

ಸಾಹೇಬರಿಗೆ ಇಲ್ಲಿ ಸ್ವಲ್ಪ ಚುರುಕು ಮುಟ್ಟಿತು. "ಮೇಷ್ಟ್ರೆ, ನೀವು ಹಂಗೆ ಹೇಳೋದು ಸುಲಭ. ನಮ್ಮನ್ನ ಪಿಚ್ಚರಲ್ಲಿ ತೋರ್ಸೋದು ಎರಡೇ ಥರ. ಒಂದು, ಕೊನೇಲಿ ಜೀಪ್ ತಗೊಂಡು ಬರೋ ದಡ್ಡ. ಇನ್ನೊಂದು, ಕಾನೂನು ಗಿನೂನು ಪಕ್ಕಕ್ಕಿಟ್ಟು ಒದೆಯೋ ಶೂರ. ಸಾಂಗ್ಲಿಯಾನ ಪಿಚ್ಚರ್ ಬಂದಾಗ ನಾನು ಆಗಷ್ಟೇ ಡಿಪಾರ್ಟ್‌ಮೆಂಟ್ ಸೇರಿದ್ದೆ. ಶಂಕರ್‌ನಾಗ್ ವೇಷ ಹಾಕ್ಕೊಂಡು ಬರ್ತಾನಲ್ಲ, ಥಿಯೇಟರಲ್ಲಿ ಚಿಲ್ಲರೆ ಎಸೆದ್ರು. ನಾನೂ ಎಸೆದೆ. ಹೊರಗೆ ಬಂದ್ರೆ ಸೈಕಲ್ ಸ್ಟ್ಯಾಂಡಿನವನು ನನ್ನ ಕ್ರಾಪು ನೋಡಿ, ಪೊಲೀಸಾ ಅಂದ. ಹೂಂ ಅಂದೆ. ಎರಡು ರೂಪಾಯಿ ಜಾಸ್ತಿ ಕೇಳ್ದ."

'ಎಸ್.ಪಿ. ಸಾಂಗ್ಲಿಯಾನ' 1988ರದು. ಮಿಜೋರಾಂನಿಂದ ಬಂದು ಕರ್ನಾಟಕದಲ್ಲಿ ಅಧಿಕಾರಿಯಾಗಿದ್ದ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರಿನ ಮೇಲೆ ಕಟ್ಟಿದ ಚಿತ್ರ. ಮನುಷ್ಯ ಇನ್ನೂ ಕೆಲಸದಲ್ಲಿರುವಾಗಲೇ ಚಿತ್ರ ಬಂತು. ನಿವೃತ್ತರಾದ ಮೇಲೆ 2004ರ ಮೇ ತಿಂಗಳಲ್ಲಿ ಫಲಿತಾಂಶ ಬಂದ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಉತ್ತರದಿಂದ ಜಾಫರ್ ಷರೀಫರಂಥ ಹಳೆಯ ಹುಲಿಯನ್ನು ಸೋಲಿಸಿ ಗೆದ್ದರು. ಅದೇ 2004ರ ಅದೇ ಮೇ ತಿಂಗಳಲ್ಲಿ ಅತ್ತ ಫಿಲಿಪೀನ್ಸಿನಲ್ಲಿ ಡಾ ಕಿಂಗ್ ಅಧ್ಯಕ್ಷಗಿರಿಗೆ ನಿಂತಿದ್ದರು. ಇಲ್ಲಿ ಸಿನಿಮಾ ನಾಯಕನಾದ ಪೊಲೀಸ್ ಗೆದ್ದ, ಅಲ್ಲಿ ಪೊಲೀಸ್ ಪಾತ್ರ ಮಾಡಿದ ನಾಯಕ ಗ್ಲೋರಿಯಾ ಆರೊಯೊ ಎದುರು ಸೋತ. ಆ ಡಿಸೆಂಬರಿನಲ್ಲೇ ತೀರಿಕೊಂಡರು.

ಎಲ್ಲ ನಾಯಕರೂ ಸೋಲಲಿಲ್ಲ. ಅವರ ಗೆಳೆಯ, ಇನ್ನೊಬ್ಬ ಹೊಡೆದಾಟದ ನಾಯಕ ಜೋಸೆಫ್ ಎಸ್ಟ್ರಾಡ 1998ರಲ್ಲಿ ಅಧ್ಯಕ್ಷರೇ ಆಗಿದ್ದರು, 2001ರಲ್ಲಿ ಜನ ಬೀದಿಗಿಳಿದು ಇಳಿಸಿದರು. ಕೆಟ್ಟ ಹುಡುಗನ ಪಾತ್ರಗಳಿಗೆ ಹೆಸರಾದ ರಾಬಿನ್ ಪಡಿಲ್ಯ 2022ರ ಸೆನೆಟ್ ಚುನಾವಣೆಯಲ್ಲಿ ಇಡೀ ದೇಶಕ್ಕೇ ಮೊದಲಿಗನಾಗಿ ಬಂದ. ಅದೇ ಪಡಿಲ್ಯ 2019ರ ಜನವರಿಯಲ್ಲಿ, ಟೊಕ್‌ಹಾಂಗಿಗೆ ಮುಂದಾಳಾಗಿದ್ದ ಪೊಲೀಸ್ ಮುಖ್ಯಸ್ಥ ರೊನಾಲ್ಡ್ 'ಬಾತೊ' ದೆಲಾ ರೋಸಾನ ಜೀವನಕಥೆಯ ಚಿತ್ರದಲ್ಲಿ ಬಾತೊ ಆಗಿದ್ದ. ಬಾತೊ ಅಂದರೆ ಕಲ್ಲು. ಚುನಾವಣೆಗೆ ಮೂರೂವರೆ ತಿಂಗಳು ಇರುವಾಗ ಬಿಡುಗಡೆಯಾದ ಆ ಚಿತ್ರಕ್ಕೆ ಜನ ಅಷ್ಟಾಗಿ ಹೋಗಲಿಲ್ಲ, ಮತಗಟ್ಟೆಗೆ ಮಾತ್ರ ಹೋಗಿ ಕಲ್ಲನ್ನು ಗೆಲ್ಲಿಸಿದರು. ಟಿಕೆಟ್ಟಿಗೆ ದುಡ್ಡು ಕೊಡಬೇಕು, ವೋಟಿಗೆ ಕೊಡಬೇಕಾಗಿಲ್ಲವಲ್ಲ. 'ಬೈಬಸ್ಟ್'ನಲ್ಲಿ ಮಾದಕದ ದೊರೆ ಬಿಗ್ಗಿ ಚೆನ್ ಆಗಿದ್ದನಲ್ಲ, ಆರ್ಜೊ ಅತಾಯ್ಡೆ ಎಂಬ ನಟ, ಅವನೂ 2022ರಲ್ಲಿ ಕೆಜೋನ್ ಸಿಟಿಯಿಂದ ಸಂಸತ್ತಿಗೆ ಆಯ್ಕೆಯಾದ.

"ಖಳನಾಯಕನೂ ಗೆದ್ದನಾ?" ಸಾಹೇಬರಿಗೆ ಇದಕ್ಕಿಂತ ದೊಡ್ಡ ಖುಷಿ ಬೇರೆ ಇರಲಿಲ್ಲ. "ವಜ್ರಮುನಿ ನಿಲ್ಬೇಕಿತ್ತು ಮೇಷ್ಟ್ರೆ."

ನಿಂತಿದ್ದರೆ ನಾನೂ ಹಾಕುತ್ತಿದ್ದೆ. ಅದು ಬೇರೆ ಮಾತು.

ಚಿತ್ರದಲ್ಲಿ ನನಗೆ ಮನಸ್ಸಿಗೆ ಹತ್ತಿದ್ದು ನಿನಾ ಅಲ್ಲ, ಭೀಮಕಾಯನೂ ಅಲ್ಲ. ನಡುವೆ ಒಂದು ಹಂತದಲ್ಲಿ ಕೊಳೆಗೇರಿಯವರೇ ತಿರುಗಿ ಬೀಳುತ್ತಾರೆ. ಪೊಲೀಸರ ಮೇಲೂ ಸೈ, ಮಾರುವವರ ಮೇಲೂ ಸೈ. ನಿಮ್ಮಿಬ್ಬರ ಕಾಟದಲ್ಲಿ ಸಾಯುತ್ತಿರುವವರು ನಾವು, ಅನ್ನುವ ಸಿಟ್ಟು. ಕೈಗೆ ಸಿಕ್ಕಿದ್ದು ಹಿಡಿದು ಬರುತ್ತಾರೆ, ಮನೆಯಲ್ಲಿ ಏನಿರುತ್ತದೋ ಅದು. ಮಟ್ಟಿ ಮಾಡಿದ ಒಳ್ಳೆಯ ಕೆಲಸ ಇದು. ಕಳ್ಳ ಪೊಲೀಸ್ ಆಟದಲ್ಲಿ ಮೂರನೆಯವನೊಬ್ಬ ಇದ್ದಾನೆ, ಅವನ ಮನೆಯ ಮಾಡಿನ ಮೇಲೆಯೇ ಇವರಿಬ್ಬರೂ ಓಡುತ್ತಿದ್ದಾರೆ ಎಂಬುದು ಪೊಲೀಸ್ ಚಿತ್ರಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ಮಟ್ಟಿ ಎಡವಿದ್ದು ಇಲ್ಲಿ: ಬಂದ ಮೂರನೆಯವನನ್ನೂ ಸರದಿಯಲ್ಲಿ ನಿಲ್ಲಿಸಿ ನಿನಾಳ ಕೈಯಲ್ಲಿ ಹೊಡೆಸಿದ. ಅವರಿಗೂ ಒಂದೊಂದು ಹೆಸರು, ಒಂದೊಂದು ಮುಖ ಕೊಟ್ಟಿದ್ದರೆ ಚಿತ್ರ ಎಲ್ಲಿಗೋ ಹೋಗುತ್ತಿತ್ತು.

ಕೊನೆ ಹೇಳಿಬಿಡುತ್ತೇನೆ, ನೋಡುವವರು ಕಿವಿ ಮುಚ್ಚಿಕೊಳ್ಳಿ. ಬೆಳಗಾಗಿದೆ. ಸುದ್ದಿಯವರು ಸತ್ತವರ ಸಂಖ್ಯೆ ಹೇಳುತ್ತಿದ್ದಾರೆ, ಕೇಳಿದರೆ ಇಷ್ಟೇನಾ ಅನ್ನಿಸುವಷ್ಟು ಕಡಿಮೆ. ಕ್ಯಾಮೆರಾ ಮೇಲಕ್ಕೆ ಏರುತ್ತದೆ. ಓಣಿಯಲ್ಲಿ, ಮಾಡಿನ ಮೇಲೆ, ಕಾಲುವೆ ಬದಿಯಲ್ಲಿ ಬಿದ್ದವರು ಕಾಣುತ್ತಾರೆ, ಏರಿದಷ್ಟೂ ಇನ್ನಷ್ಟು ಜನ.

ಅಲ್ಲಿ ಸಾಹೇಬರು ಫೋನು ನಿಲ್ಲಿಸಿ, ಎಣಿಸತೊಡಗಿದರು. ನಾನು ತಮಾಷೆ ಅಂದುಕೊಂಡೆ. ಬೆರಳು ಪರದೆಯ ಮೇಲೆ ಇಟ್ಟು ಒಂದು, ಎರಡು, ಮೂರು ಅನ್ನುತ್ತಿದ್ದರು. ಇಪ್ಪತ್ತರ ಮೇಲೆ ಹೋದ ಮೇಲೆ ಬಿಟ್ಟರು.

ಆಮೇಲೆ ಅವರಾಗಿಯೇ ಒಂದು ಹೇಳಿದರು. ಇಷ್ಟು ವರ್ಷ ಬೇಲಿಯಲ್ಲಿ ಇದು ಬಂದಿರಲಿಲ್ಲ. ಯಾವ ಊರು, ಯಾವ ಠಾಣೆ ಅಂತ ನಾನೂ ಕೇಳಲಿಲ್ಲ. ಆಷಾಢದ ಮಳೆ, ರಾತ್ರಿ ಹನ್ನೊಂದು. ಕೇರಿಯೊಂದರಲ್ಲಿ ಗಾಂಜಾ ಇದೆ ಅಂತ ಮಾಹಿತಿ. ಐದು ಜನ ಹೋದರು. ಬಾಗಿಲು ತಟ್ಟಿದರು, ತೆಗೆಯಲಿಲ್ಲ, ತಳ್ಳಿದರು. ಒಳಗೆ ಒಬ್ಬ ಹೆಂಗಸು, ಎರಡು ಮಕ್ಕಳು, ಒಂದು ಬುಡ್ಡಿ ದೀಪ. ಜೊತೆಯವನೊಬ್ಬ ಮೂಲೆಯ ಡಬ್ಬಗಳನ್ನೆಲ್ಲ ಸುರಿಯುತ್ತ ಅಕ್ಕಿಯ ಡಬ್ಬವನ್ನೂ ಸುರಿದ. ನೆಲ ಒದ್ದೆ. ಮಾಡು ಸೋರುತ್ತಿತ್ತು. ಅಕ್ಕಿ ಕೆಸರಲ್ಲಿ ಹೋಯಿತು. ಮಾಲು ಸಿಕ್ಕಿತು, ಆದರೆ ಆ ಮನೆಯಲ್ಲಲ್ಲ, ಅದರ ಆಚೆಯ ಮನೆಯಲ್ಲಿ.

"ಮಹಜರಲ್ಲಿ ಮಾಲಿನ ತೂಕ ಬರೆದೆ. ಕಾಲು ಕೆಜಿಗೆ ಇಷ್ಟು ಕಮ್ಮಿ ಅಂತ. ಪಂಚರ ಸೈನು ಹಾಕಿಸ್ದೆ. ಅಕ್ಕಿದು ಬರೀಲಿಲ್ಲ."

"ಅದಕ್ಕೊಂದು ಕಾಲಮ್ಮು ಇರುತ್ತಾ ಸಾಹೇಬರೆ?"

"ಇರಲ್ಲ. ಇದ್ರೂ ಬರೀತಿರ್ಲಿಲ್ಲ ಬಿಡಿ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಪಂಪು ಓಡುತ್ತಿದ್ದ ಸದ್ದು ನಿಂತಿತು, ಕರೆಂಟು ಹೋಗಿತ್ತು. ಅಕ್ಕೋರು ಒಳಗಿನಿಂದ, "ರೀ, ಟ್ಯಾಂಕು ತುಂಬ್ತಾ?" ಎಂದು ಕೂಗಿದರು. ಸಾಹೇಬರು ಉತ್ತರ ಕೊಡದೆ ದೋಟಿ ತಂದು ನಮ್ಮ ಕಡೆ ಬಾಗಿದ್ದ ಕೊಂಬೆಯಿಂದ ನುಗ್ಗೆಕಾಯಿ ಎಳೆದರು. ಏಳು ಬಿದ್ದವು. ಎಣಿಸಿ ಕಿಂಡಿಯಿಂದ ಕೊಟ್ಟರು.

ಅದೇ ಮಟ್ಟಿ 2013ರಲ್ಲಿ 'ಆನ್ ದ ಜಾಬ್' ಅಂತ ಇನ್ನೊಂದು ಮಾಡಿದ್ದಾನೆ, ಜೈಲಿನಲ್ಲಿರುವವರನ್ನು ಒಂದು ದಿನದ ಮಟ್ಟಿಗೆ ಹೊರಗೆ ಬಿಟ್ಟು ಕೊಲೆ ಮಾಡಿಸಿ ವಾಪಸ್ ಒಳಗೆ ಹಾಕುವ ಕತೆ, ಕಾನ್‌ ಚಿತ್ರೋತ್ಸವಕ್ಕೂ ಹೋಗಿತ್ತು, ಎರಡನೇ ಭಾಗದಲ್ಲಿ ಪತ್ರಕರ್ತನಾದ ಜಾನ್ ಆರ್ಸಿಲ್ಯನಿಗೆ 2021ರಲ್ಲಿ ವೆನಿಸ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು ಅಂತ ನಾನು ಮಾತು ಬೇರೆ ಕಡೆ ತಿರುಗಿಸಿದೆ. ಸಾಹೇಬರು ದೋಟಿಯನ್ನು ಮರಕ್ಕೆ ಒರಗಿಸಿದರು.

"ಜೈಲಿಂದ ಹೊರಗೆ ಬಿಡ್ಬೇಕಾದ್ರೆ ಗೇಟ್ ರಿಜಿಸ್ಟರಲ್ಲಿ ಎಂಟ್ರಿ ಮಾಡ್ಬೇಕಲ್ಲ ಮೇಷ್ಟ್ರೆ. ಅದನ್ನ ತೋರಿಸ್ತಾನಾ?"

ಗೊತ್ತಿಲ್ಲ, ನೋಡೋಣ, ಅಂದೆ.

"ಸಂಜೆ ಬನ್ನಿ. ಕನ್ನಡಕ ತಗೊಂಡು ಬನ್ನಿ."